ಇನ್ನು ಹನ್ನೊಂದು ದಿನಕ್ಕೆ ಆಫೀಸು, ಮಗಳು ಬಾಟಲ್ ಮುಟ್ಟುತ್ತಿಲ್ಲ. ಏನು ಮಾಡಲಿ?

ನಿದ್ದೆಗೆಟ್ಟವಳು:

ನಮಸ್ಕಾರ ಎಲ್ಲರಿಗೂ. ಎರಡು ತಿಂಗಳಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಈಗ ಬರೆಯಲೇಬೇಕಾಯಿತು. ಮಗಳಿಗೆ ನಾಡಿದ್ದು ಐದು ತಿಂಗಳು ತುಂಬುತ್ತದೆ. ಮುಂದಿನ ಸೋಮವಾರ ಬಿಟ್ಟು ಅದರಾಚೆ ಸೋಮವಾರ ನಾನು ಕೆಲಸಕ್ಕೆ ಹೋಗಬೇಕು. ರಜೆ 26 ವಾರ ನಿಜ. ಆದರೆ ಕೊನೆಗೆ ಬಿಪಿ ಏರಿದ್ದರಿಂದ ಡಾಕ್ಟರ್ ಓಡಾಟ ಬೇಡ ಅಂದರು, ಹೆರಿಗೆಗೆ ಮೂರು ವಾರ ಮುಂಚೆಯೇ ರಜೆ ಹಾಕಿದೆ. ಆ ಮೂರು ವಾರ ಈಗ ಈ ಕಡೆಯಿಂದ ಕಟ್. ಆರು ತಿಂಗಳವರೆಗೆ ಬರೀ ಎದೆಹಾಲು ಕೊಡಿ ಅಂತಲೂ ಅದೇ ಡಾಕ್ಟರೇ ಹೇಳುವುದು. ಲೆಕ್ಕ ಎಲ್ಲಿ ಕೂಡಬೇಕು ಹೇಳಿ.

ಮನೆ ವಿಜಯನಗರ, ಆಫೀಸು ಗರುಡಾಚಾರ್‌ಪಾಳ್ಯದ ಹತ್ತಿರ. ವಾರಕ್ಕೆ ಮೂರು ದಿನ ಹೋಗಲೇಬೇಕು. ಮೆಟ್ರೊ ಇರುವುದರಿಂದ ಬಚಾವು, ಆದರೂ ಮನೆ ಬಾಗಿಲಿಂದ ಕುರ್ಚಿಗೆ ಒಂದೂಕಾಲು ಗಂಟೆ. ಬೆಳಿಗ್ಗೆ ಎಂಟೂವರೆಗೆ ಹೊರಟರೆ ಬರುವಾಗ ಆರೂವರೆ. ಹತ್ತು ಗಂಟೆ. ತಿಪಟೂರಿನಿಂದ ಅತ್ತೆ ಬಂದಿದ್ದಾರೆ, ಮಗುವನ್ನು ಅವರೇ ನೋಡಿಕೊಳ್ಳುವುದು.

ಒಂದು ತಿಂಗಳಿಂದ ಬೆಳಿಗ್ಗೆ ಐದಕ್ಕೆದ್ದು ಪಂಪ್ ಮಾಡಿ ಫ್ರೀಜರಿನಲ್ಲಿ 22 ಪ್ಯಾಕೆಟ್ ಇಟ್ಟಿದ್ದೇನೆ. ಮೇಲೆ ತಾರೀಖು ಬರೆದು, ಸಾಲಾಗಿ ಜೋಡಿಸಿ, ನೋಡಿದಾಗೆಲ್ಲ ಖುಷಿ ಪಡುತ್ತಿದ್ದೆ. ಕಳೆದ ವಾರ ಮೊದಲ ಪ್ಯಾಕೆಟ್ ಕರಗಿಸಿ ಬಾಟಲಿಗೆ ಹಾಕಿ ಕೊಟ್ಟರೆ ಒಂದು ಸಲ ಬಾಯಿಗೆ ತೆಗೆದುಕೊಂಡು ಮುಖ ಕಿವುಚಿದಳು, ಆಮೇಲೆ ಬಾಟಲ್ ಕಂಡರೇ ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಅಳುತ್ತಾಳೆ. ಮೂರು ಥರದ ನಿಪ್ಪಲ್ ತಂದಾಯಿತು. ನಾನು ಕೊಟ್ಟರೂ ಇಲ್ಲ, ಗಂಡ ಕೊಟ್ಟರೂ ಇಲ್ಲ. ನಿನ್ನೆ ಅತ್ತೆ ಹೇಳಿದರು, ಹಸುವಿನ ಹಾಲಿಗೆ ಅರ್ಧ ನೀರು ಬೆರೆಸಿ ಕೊಟ್ಟರೆ ಆಯ್ತಪ್ಪ, ನಿನ್ನ ಗಂಡ ಹಾಗೇ ಬೆಳೆದಿದ್ದು ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಆಫೀಸಿನಲ್ಲಿ ‘ತಾಯಂದಿರ ಕೋಣೆ’ ಅಂತ ಒಂದು ಬೋರ್ಡ್ ಇದೆ. ಹೋದ ವಾರ ಲ್ಯಾಪ್‌ಟಾಪ್ ತರಲು ಹೋದಾಗ ಬಾಗಿಲು ತೆಗೆಸಿ ನೋಡಿದೆ. ಒಳಗೆ ಹಳೇ ಮಾನಿಟರುಗಳು, ಚಕ್ರ ಮುರಿದ ಎರಡು ಕುರ್ಚಿ, ರಾಜ್ಯೋತ್ಸವಕ್ಕೆ ತಂದಿದ್ದ ಹಳದಿ ಕೆಂಪು ಬಾವುಟದ ಗಂಟು. ಚಿಲಕ ಇಲ್ಲ.

ಕೇಳಬೇಕಾದ್ದು ಎರಡೇ. ಹನ್ನೊಂದು ದಿನದಲ್ಲಿ ಈ ಹುಡುಗಿಗೆ ಬೇರೆ ಥರ ಹಾಲು ಕುಡಿಸಲು ಕಲಿಸಬಹುದಾ? ಆಗದಿದ್ದರೆ ಮುಂದೇನು?

---

ಹಾಸನದ ಸೊಸೆ:

ಮೊದಲು ಒಂದು ಕೆಲಸ ಮಾಡಿ. ಆ ಪ್ಯಾಕೆಟ್ ಒಂದನ್ನು ಕರಗಿಸಿ ನೀವೇ ಮೂಸಿ ನೋಡಿ, ಒಂದು ಹನಿ ನಾಲಿಗೆಗೆ ಹಾಕಿಕೊಳ್ಳಿ. ಸೋಪಿನ ವಾಸನೆ ಬರುತ್ತಿದೆಯಾ?

ನಾನು ನನ್ನ ಮಗನಿಗೆ ಹೀಗೇ ನಾಲ್ಕು ಬಾಟಲ್ ಬದಲಾಯಿಸಿ, ಅವನ ಹಠ ಅಂತ ಬೈದುಕೊಂಡು, ಕೊನೆಗೆ ನನ್ನ ಅಕ್ಕ ಮೂಸಿ ನೋಡಿ ‘ಇದೇನೇ ಪಾತ್ರೆ ತೊಳೆಯೋ ಸೋಪು ಸರಿಯಾಗಿ ಹೋಗಿಲ್ಲ’ ಅಂದಳು. ಸೋಪು ಅಲ್ಲ, ಹಾಲೇ ಹಾಗಾಗಿತ್ತು. ಎದೆಹಾಲಿನಲ್ಲಿ ಲೈಪೇಸ್ ಅಂತ ಒಂದು ಇರುತ್ತದೆ, ಕೊಬ್ಬನ್ನು ಒಡೆಯುವ ಕೆಲಸ ಅದರದು. ಹಾಲು ಹಿಂಡಿಟ್ಟ ಮೇಲೂ ಅದು ಸುಮ್ಮನಿರುವುದಿಲ್ಲ. ಕೆಲವರ ಹಾಲಿನಲ್ಲಿ ಫ್ರಿಜ್ಜಿಗಿಟ್ಟ ಕೆಲವೇ ಗಂಟೆಗಳಲ್ಲಿ ವಾಸನೆ ಬರುತ್ತದೆ, ಕೆಲವರದಕ್ಕೆ ದಿನಗಟ್ಟಲೆ ಏನೂ ಆಗುವುದಿಲ್ಲ. ಹಾಲು ಕೆಟ್ಟಿರುವುದಿಲ್ಲ, ಕುಡಿದರೆ ತೊಂದರೆ ಇಲ್ಲ. ಆದರೆ ರುಚಿ ನೋಡುವ ಮಕ್ಕಳು ಉಗಿಯುತ್ತವೆ, ಅಷ್ಟೇ.

ಹಾಗಿದ್ದರೆ ಉಪಾಯ ಇದೆ. ಹಿಂಡಿದ ತಕ್ಷಣ ಪುಟ್ಟ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಡಿ. ಕುದಿಯಬಾರದು. ಅಂಚಿನಲ್ಲಿ ಸಣ್ಣ ಗುಳ್ಳೆ ಏಳಲು ಶುರುವಾಯಿತು ಅನ್ನುವಾಗ ಇಳಿಸಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ, ಆಮೇಲೆ ಪ್ಯಾಕೆಟಿಗೆ ಹಾಕಿ. ಹಾಲಿನ ಕೆಲವು ಒಳ್ಳೇ ಗುಣ ಸ್ವಲ್ಪ ಕಡಿಮೆ ಆಗುತ್ತದೆ, ಆದರೂ ಕುಡಿಯದ ಹಾಲಿಗಿಂತ ಕುಡಿಯುವ ಹಾಲು ಮೇಲು ಅಲ್ವಾ. ಈಗಾಗಲೇ ವಾಸನೆ ಬಂದ ಪ್ಯಾಕೆಟುಗಳನ್ನು ಬಿಸಿ ಮಾಡಿ ಪ್ರಯೋಜನವಿಲ್ಲ. ಆದರೆ ಎಸೆಯಬೇಡಿ, ದಮ್ಮಯ್ಯ. ಐದು ಗಂಟೆಗೆದ್ದು ತೆಗೆದ ಹಾಲು ಅದು. ತಾಜಾ ಹಾಲಿಗೆ ಸ್ವಲ್ಪ ಸ್ವಲ್ಪ ಬೆರೆಸಿ ಕೊಡಿ, ಇಲ್ಲವಾದರೆ ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿಗೆ ಹಾಕಿ.

ವಾಸನೆ ಇಲ್ಲದಿದ್ದರೆ ನನ್ನ ಮಾತು ಬಿಟ್ಟುಬಿಡಿ, ಬೇರೆಯವರು ಹೇಳುತ್ತಾರೆ.

---

ನೇರಮಾತು:

ತಪ್ಪು ತಿಳಿಯಬೇಡಿ. ಇಷ್ಟೆಲ್ಲ ಒದ್ದಾಟ ಯಾಕೆ? ಒಂದು ವರ್ಷ ಕೆಲಸ ಬಿಟ್ಟರೆ ಆಯ್ತು. ದುಡ್ಡಿಗಿಂತ ಮಗು ಮುಖ್ಯ.

---

ಹಾಸನದ ಸೊಸೆ:

@ನೇರಮಾತು, ಅವರ ಮನೆ ಸಾಲದ ಕಂತು ನೀವು ಕಟ್ಟುತ್ತೀರಾದರೆ ಖಾತೆ ನಂಬರ್ ಕೇಳೋಣ. ಮಗುವಿನ ಅಪ್ಪನಿಗೆ ಯಾರೂ ಈ ಸಲಹೆ ಕೊಡುವುದಿಲ್ಲ ನೋಡಿ.

---

ವಾರ್ಡ್ ಸಿಸ್ಟರ್ ಉಡುಪಿ:

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ನಿಮ್ಮ ಡಾಕ್ಟರಿಗೆ ಬದಲಿ ಅಲ್ಲ, ದಿನಾ ತಾಯಂದಿರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಾಟಲ್ ಯಾಕೆ ಬೇಕೇ ಬೇಕು? ನಮ್ಮ ವಾರ್ಡಿನಲ್ಲಿ ಹುಟ್ಟಿ ಎರಡು ದಿನದ, ಎರಡು ಕೇಜಿ ಇಲ್ಲದ ಮಕ್ಕಳಿಗೂ ಒಳಲೆಯಲ್ಲೇ ಹಾಲು ಕೊಡುತ್ತೇವೆ. ಮೂಗು ಚೂಪಾಗಿರುವ ಆ ಪುಟ್ಟ ಬಟ್ಟಲು. ನಿಮ್ಮ ಅತ್ತೆಗೆ ಕೇಳಿ, ಅವರಿಗೆ ಗೊತ್ತಿರುತ್ತದೆ. ಬಾಟಲಿಗಿಂತ ತೊಳೆಯಲು ಸುಲಭ, ಕುದಿಸಲು ಸುಲಭ. ಮಗುವನ್ನು ಮಲಗಿಸಿ ಸುರಿಯಬೇಡಿ. ತಲೆ ಎತ್ತರಕ್ಕಿಟ್ಟು, ಹೆಚ್ಚುಕಡಿಮೆ ಕೂರಿಸಿದ ಹಾಗೆ ಹಿಡಿದು, ಒಳಲೆಯ ಮೂಗು ತುಟಿಯ ಮೂಲೆಗೆ ತಾಗಿಸಿ. ಅದು ನುಂಗಿದ ಮೇಲೆ ಮುಂದಿನ ಗುಟುಕು. ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತದೆ. ಸಣ್ಣ ಲೋಟ ಅಥವಾ ಚಮಚವಾದರೂ ಸರಿ. ಐದು ತಿಂಗಳ ಮಗು ಎರಡು ಮೂರು ದಿನದಲ್ಲಿ ಕಲಿಯುತ್ತದೆ, ಚೆಲ್ಲಾಟ ಸ್ವಲ್ಪ ಇರುತ್ತದೆ, ಕತ್ತಿಗೆ ಒಂದು ಬಟ್ಟೆ ಕಟ್ಟಿ.

ಎಷ್ಟು ಹಾಲು ಇಡಬೇಕು ಅಂತ ತುಂಬ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಒಂದರಿಂದ ಆರು ತಿಂಗಳ ಮಗು ದಿನಕ್ಕೆ ಸುಮಾರು 750 ಮಿಲಿ ಕುಡಿಯುತ್ತದೆ. ಗಂಟೆಗೆ 30 ಮಿಲಿ ಅಂತ ಇಟ್ಟುಕೊಳ್ಳಿ. ನೀವು ಹತ್ತು ಗಂಟೆ ಇಲ್ಲದಿದ್ದರೆ 300 ಮಿಲಿ, ಮೂರು ನಾಲ್ಕು ಸಲಕ್ಕೆ ಹಂಚಿ. ಒಂದೇ ಪ್ಯಾಕೆಟಿನಲ್ಲಿ 150 ತುಂಬಬೇಡಿ, 60 ಸಾಕು. ಕುಡಿದು ಮಿಕ್ಕಿದ್ದನ್ನು ಎರಡು ಗಂಟೆ ಆದ ಮೇಲೆ ಚೆಲ್ಲಬೇಕು, ಆಗ ಹೊಟ್ಟೆ ಉರಿಯುತ್ತದೆ.

ಆಗಷ್ಟೇ ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ, ಅದೂ ತಂಪಾದ ಕೋಣೆಯಲ್ಲಿ. ನಮ್ಮ ಕರಾವಳಿಯ ಏಪ್ರಿಲ್ ಸೆಕೆಗೆ ಅಷ್ಟು ಹೊತ್ತು ಇಡುವುದೇ ಬೇಡ. ಫ್ರಿಜ್ಜಿನಲ್ಲಿ ನಾಲ್ಕು ದಿನ, ಬಾಗಿಲಿನ ತಟ್ಟೆಯಲ್ಲಲ್ಲ, ಒಳಗೆ ಹಿಂದಕ್ಕೆ. ಬೇರೆ ಬಾಗಿಲಿರುವ ಫ್ರೀಜರಾದರೆ ಆರು ತಿಂಗಳು. ಒಂದೇ ಬಾಗಿಲಿನ ಫ್ರಿಜ್ಜಿನ ಒಳಗಿರುವ ಐಸ್ ಪೆಟ್ಟಿಗೆಯನ್ನು ಜಾಸ್ತಿ ದಿನ ನಂಬಬೇಡಿ. ಕರಗಿಸಿದ ಹಾಲು ಫ್ರಿಜ್ಜಿನಲ್ಲಿ 24 ಗಂಟೆ, ಮತ್ತೆ ಫ್ರೀಜರಿಗೆ ಹಾಕುವ ಹಾಗಿಲ್ಲ. ಬೆಚ್ಚಗೆ ಮಾಡಲು ಬಿಸಿನೀರಿನ ಬಟ್ಟಲಲ್ಲಿ ಇಟ್ಟರೆ ಸಾಕು. ಮೈಕ್ರೋವೇವ್ ಬೇಡ, ಒಂದು ಕಡೆ ತಣ್ಣಗೆ ಒಂದು ಕಡೆ ಸುಡುವಷ್ಟು ಬಿಸಿ ಇರುತ್ತದೆ.

ಹಸುವಿನ ಹಾಲು ಒಂದು ವರ್ಷದವರೆಗೆ ಕುಡಿಯುವ ಹಾಲಾಗಿ ಬೇಡ. ಅದರಲ್ಲಿ ಕಬ್ಬಿಣದ ಅಂಶ ಕಡಿಮೆ, ಎಳೇ ಕರುಳಿಗೂ ಒಗ್ಗುವುದಿಲ್ಲ. ನೀರು ಬೆರೆಸಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಅತ್ತೆಗೆ ನೀವು ಹೇಳಬೇಡಿ. ಮುಂದಿನ ಸಲ ಮಗುವನ್ನು ತೋರಿಸಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಬರಲಿ.

ನೀವು ಹೊರಗಿದ್ದಾಗ ಅವಳು ಕಡಿಮೆ ಕುಡಿದು ರಾತ್ರಿ ನಿಮ್ಮನ್ನು ಬಿಡದೇ ಕುಡಿಯಬಹುದು. ಹಗಲಿನ ಬಾಕಿಯನ್ನು ರಾತ್ರಿ ವಸೂಲಿ ಮಾಡುತ್ತವೆ ಕೆಲವು ಮಕ್ಕಳು. ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಹೋಗುತ್ತಿದ್ದರೆ, ತೂಕ ಏರುತ್ತಿದ್ದರೆ ಹೆದರಬೇಡಿ. ಉಚ್ಚೆ ಕಡಿಮೆಯಾಗಿ ಮಗು ಮಂಕಾದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ.

---

ಅಪ್ಪ ಅಂಕಲ್ ಮೈಸೂರು:

ಅಪ್ಪಂದಿರ ಪರವಾಗಿ ಒಂದು ಮಾತು.

ಖಾಸಗಿ ಕಂಪನಿಯಲ್ಲಿ ನಮಗೆ ಕಾನೂನಿನಲ್ಲಿ ಪಿತೃತ್ವ ರಜೆ ಅಂತ ಏನೂ ಇಲ್ಲ, ಕಂಪನಿ ಕೊಟ್ಟರೆ ಉಂಟು. ಕೇಂದ್ರ ಸರ್ಕಾರದ ನೌಕರರಿಗೆ 15 ದಿನ ಇದೆ. ನನಗೆ ಕೊಟ್ಟಿದ್ದು ಐದು ದಿನ. ಆ ಐದು ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಬಿಲ್ಲು ಹಿಡಿದು ಓಡಾಡುವುದರಲ್ಲೇ ಮುಗಿಯಿತು. ಬಾಣಂತನಕ್ಕೆ ಹೆಂಡತಿ ತವರಿಗೆ ಹೋದಳು, ಅಲ್ಲಿ ನನಗೆ ಕಾಫಿ ಕುಡಿಯುವುದು ಬಿಟ್ಟರೆ ಕೆಲಸವಿರಲಿಲ್ಲ. ಆಗ ನನ್ನ ಬಾವ ಒಂದು ಬುದ್ಧಿ ಹೇಳಿದ. ಇರುವ ರಜೆಯನ್ನೆಲ್ಲ ಈಗ ಸುರಿಯಬೇಡ, ಅವಳು ಕೆಲಸಕ್ಕೆ ಹೋಗುವ ವಾರಕ್ಕೆ ಇಟ್ಟುಕೋ ಅಂತ. ನನ್ನ ಗಳಿಕೆ ರಜೆ ಹನ್ನೆರಡು ದಿನವನ್ನು ಅವಳ ಮೊದಲ ಎರಡೂವರೆ ವಾರಕ್ಕೆ ಹಾಕಿದೆ. ನಾನು ಮಾಡಿದ ಒಳ್ಳೇ ಕೆಲಸಗಳಲ್ಲಿ ಅದೊಂದು. ನಿಮ್ಮೆಜಮಾನರಿಗೆ ಮೂರು ದಿನವಾದರೂ ರಜೆ ಇದೆಯಾ ಕೇಳಿ.

ಮೊದಲ ದಿನ ನಮ್ಮವನು ಬೆಳಿಗ್ಗೆ ಒಂಬತ್ತರಿಂದ ಒಂದೂವರೆವರೆಗೆ ಏನೂ ಕುಡಿಯಲಿಲ್ಲ. ಅಮ್ಮ ಹಿಡಿದುಕೊಳ್ಳುವ ಹಾಗೇ ನಾನೂ ತೊಡೆ ಮೇಲೆ ಮಲಗಿಸಿಕೊಂಡು ಕೊಡುತ್ತಿದ್ದೆ, ಅವನು ನನ್ನ ಬನಿಯನ್ ಹುಡುಕಿ, ಅಲ್ಲಿ ಏನೂ ಇಲ್ಲ ಅಂತ ಗೊತ್ತಾಗಿ, ಇನ್ನಷ್ಟು ಕಿರುಚುತ್ತಿದ್ದ. ಕೊನೆಗೆ ಬೇಸತ್ತು ಎತ್ತಿಕೊಂಡು ಕಿಟಕಿ ಹತ್ತಿರ ಹೋದೆ. ಎದುರು ಮನೆ ಕಾಂಪೌಂಡ್ ಮೇಲೆ ಒಂದು ಬೆಕ್ಕು ಮೈ ನೆಕ್ಕುತ್ತಾ ಕೂತಿತ್ತು. ಅವನ ಮುಖ ಹೊರಗೆ, ಬೆನ್ನು ನನ್ನ ಎದೆಗೆ. ಬಾಯಿ ತೆರೆದು ಬೆಕ್ಕನ್ನೇ ನೋಡುತ್ತಿದ್ದ. ಮೆಲ್ಲಗೆ ಲೋಟ ತುಟಿಗೆ ತಾಗಿಸಿದೆ. ಕುಡಿದ. ಬೆಕ್ಕು ಇಳಿದು ಹೋಗುವಷ್ಟರಲ್ಲಿ 50 ಮಿಲಿ ಒಳಗೆ ಹೋಗಿತ್ತು.

ಆಮೇಲೆ ತಿಳಿದಿದ್ದು ಏನಂದರೆ ಹಸಿವಿನಿಂದ ಅಳು ಶುರುವಾದ ಮೇಲೆ ಹೊಸದು ಏನನ್ನೂ ಕಲಿಸಲು ಆಗುವುದಿಲ್ಲ. ಅರ್ಧ ಹಸಿವು ಇರುವಾಗ, ನಿದ್ದೆ ಮುಗಿಸಿ ಖುಷಿಯಾಗಿರುವಾಗ ಕೊಡಿ. ತಾಯಿ ಮನೆಯಲ್ಲಿರಬಾರದು. ಪಕ್ಕದ ಕೋಣೆ ಅಲ್ಲ, ಮನೆಯಿಂದಲೇ ಹೊರಗೆ. ವಾಸನೆಗೇ ಗೊತ್ತಾಗುತ್ತದೆ ಅವುಗಳಿಗೆ. ನೀವು ಸುಮ್ನೆ ಒಂದು ಗಂಟೆ ಎಲ್ಲಾದರೂ ಹೋಗಿ ಕೂತು ಬನ್ನಿ.

---

ನಿದ್ದೆಗೆಟ್ಟವಳು:

@ಹಾಸನದ ಸೊಸೆ, ಈಗಷ್ಟೇ ಮೂಸಿದೆ. ಸೋಪು!! ಹಳೇ ಬಟ್ಟೆ ಸೋಪು ನೀರಿನ ಥರ. ಒಂದು ಹನಿ ನಾಲಿಗೆಗೆ ಹಾಕಿ ನಾನೇ ಮುಖ ಕಿವುಚಿದೆ, ಪಾಪ ಅವಳನ್ನು ಬೈದಿದ್ದೆನಲ್ಲ. 22 ಪ್ಯಾಕೆಟ್. ಎಸೆಯುವುದಿಲ್ಲ, ಆದರೆ ಈಗ ಫ್ರೀಜರ್ ಬಾಗಿಲು ತೆಗೆಯಲು ಮನಸ್ಸಿಲ್ಲ.

@ವಾರ್ಡ್ ಸಿಸ್ಟರ್, ಒಳಲೆ ಅಂದ ಕೂಡಲೇ ಅತ್ತೆ ನಕ್ಕುಬಿಟ್ಟರು. ಇವರಿಗೆ ಹಾಲು ಕುಡಿಸಿದ ಬೆಳ್ಳಿ ಒಳಲೆ ತಿಪಟೂರಿನ ಬೀರುವಿನಲ್ಲಿ ಇದೆಯಂತೆ. ‘ನಾನೇ ಹೇಳೋಣ ಅಂತಿದ್ದೆ, ಹಳೇ ಕಾಲದ್ದು ಅಂತ ನೀನು ಬೇಡ ಅಂತೀಯೇನೋ ಅಂತ ಸುಮ್ಮನಾದೆ’ ಅಂದರು. ಮಾವ ಶನಿವಾರ ಬಸ್ಸಿಗೆ ತರುತ್ತಾರೆ. ಅಲ್ಲಿಯವರೆಗೆ ಚಮಚ.

---

ಎಚ್ಆರ್ ಕುರ್ಚಿಯಿಂದ:

ನಾನು ಕೂತಿರುವುದು ಆ ಕಡೆಯ ಕುರ್ಚಿಯಲ್ಲಿ, ಆದರೂ ಹೇಳುತ್ತೇನೆ. ನಿಮ್ಮ ಹಕ್ಕು ಯಾವುದು, ಕೇಳಿ ಪಡೆಯುವುದು ಯಾವುದು ಅಂತ ಬೇರೆ ಮಾಡಿಕೊಳ್ಳಿ.

2017ರಲ್ಲಿ ಹೆರಿಗೆ ಸೌಲಭ್ಯ ಕಾನೂನಿಗೆ ತಿದ್ದುಪಡಿ ಆದಾಗ 12 ವಾರ ಇದ್ದ ರಜೆ 26 ಆಯಿತು, ಅದು ಎಲ್ಲರಿಗೂ ಗೊತ್ತು. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಅದರಾಚೆ ಇದೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ಆಫೀಸಿನೊಳಗೇ ಇರಬೇಕೆಂದಿಲ್ಲ, ಹತ್ತಿರದಲ್ಲಿ ಬೇರೆಯವರ ಜೊತೆ ಸೇರಿ ನಡೆಸಿದರೂ ಆದೀತು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು. ಇನ್ನು ಮಗುವಿಗೆ 15 ತಿಂಗಳಾಗುವವರೆಗೆ, ಊಟದ ವಿರಾಮ ಬಿಟ್ಟು, ಹಾಲೂಡಿಸಲು ದಿನಕ್ಕೆ ಎರಡು ಬಿಡುವು. ಇದು ಹೊಸದೂ ಅಲ್ಲ, ಹಳೇ ಕಾನೂನಿನಲ್ಲೇ ಇತ್ತು. ಮಗು ವಿಜಯನಗರದಲ್ಲಿದ್ದರೆ ಆ ಎರಡು ಬಿಡುವನ್ನು ಪಂಪ್ ಮಾಡಲು ಕೇಳಿ, ಯಾವ ಮ್ಯಾನೇಜರೂ ಬಾಯಿಬಿಟ್ಟು ಇಲ್ಲ ಅನ್ನಲಾರ. ಕೆಲಸದ ಸ್ವಭಾವ ಒಪ್ಪುವುದಾದರೆ ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡುವುದನ್ನು ಇಬ್ಬರೂ ಮಾತಾಡಿ ಗೊತ್ತು ಮಾಡಿಕೊಳ್ಳಬಹುದು ಅಂತಲೂ ಕಾನೂನಿನಲ್ಲಿದೆ. ‘ಇಬ್ಬರೂ ಮಾತಾಡಿ’ ಅನ್ನುವುದನ್ನು ಗಮನಿಸಿ. ಅದು ಹಕ್ಕಲ್ಲ.

ಕಾರಿಡಾರಿನಲ್ಲಿ ಸಿಕ್ಕಾಗ ಹೇಳಬೇಡಿ. ಮೇಲ್ ಬರೆಯಿರಿ, ಈ ವಾರವೇ. ಉದ್ದ ಬೇಡ. ಇಂಥ ತಾರೀಖಿಗೆ ಬರುತ್ತೇನೆ, ದಿನಕ್ಕೆ ಎರಡು ಸಲ ಇಷ್ಟು ಹೊತ್ತಿಗೆ ಅರ್ಧ ಗಂಟೆ ಬೇಕು, ಒಳಗಿನಿಂದ ಹಾಕುವ ಚಿಲಕ, ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್ ಇರುವ ಕೋಣೆ ಬೇಕು. ‘ದಯವಿಟ್ಟು ಸಾಧ್ಯವಾದರೆ’ ಅನ್ನುವುದನ್ನು ತೆಗೆದು ಕಳಿಸಿ. ಆ ಕೋಣೆಯ ಫೋಟೋ ಇದ್ದರೆ ಜೊತೆಗಿಡಿ. ಬಾವುಟದ ಗಂಟು ಕಂಡರೆ ನಮಗೇ ನಾಚಿಕೆ ಆಗುತ್ತದೆ.

ಕ್ಯಾಲೆಂಡರಿನಲ್ಲಿ ಆ ಎರಡು ಹೊತ್ತನ್ನು ಈಗಲೇ ಮುಚ್ಚಿಬಿಡಿ, ಇಲ್ಲದಿದ್ದರೆ ಅಲ್ಲಿ ಮೀಟಿಂಗ್ ಬಂದು ಕೂರುತ್ತದೆ. ಸಾಧ್ಯವಿದ್ದರೆ ಸೋಮವಾರದ ಬದಲು ಬುಧವಾರ ಅಥವಾ ಗುರುವಾರ ಕೆಲಸಕ್ಕೆ ಸೇರಿ, ಎರಡು ಮೂರು ದಿನ ಗಳಿಕೆ ರಜೆ ಹಾಕಿ. ಮೊದಲ ವಾರ ಎರಡು ಮೂರೇ ದಿನದ್ದಾದರೆ ಮನೆಯವರಿಗೂ ಉಸಿರಾಡಲು ಆಗುತ್ತದೆ.

---

ಹಾವೇರಿ ಟೀಚರ್:

ನಾನು ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ. ನಮಗೆ 2021ರಿಂದ ಶಿಶುಪಾಲನಾ ರಜೆ ಅಂತ ಒಟ್ಟು 180 ದಿನ ಬಂದಿದೆ, ಅದು ನಮ್ಮ ಪುಣ್ಯ, ನಿಮಗೆ ಉಪಯೋಗವಿಲ್ಲ ಬಿಡಿ. ಆದರೆ ನನ್ನ ಮೊದಲ ಮಗಳು ಹುಟ್ಟಿದ್ದು 2016ರಲ್ಲಿ, ಆಗ ಇದೆಲ್ಲ ಇರಲಿಲ್ಲ.

ಪಂಪ್ ಅಂದರೆ ನೀರೆತ್ತುವ ಪಂಪ್ ಮಾತ್ರ ಗೊತ್ತಿದ್ದ ಕಾಲ. ವಿಜ್ಞಾನದ ಲ್ಯಾಬಿನ ಹಿಂದೆ ಸಾಮಾನು ಕೋಣೆ ಇತ್ತು, ಅಲ್ಲಿ ಅಸ್ಥಿಪಂಜರದ ಮಾದರಿ ಪಕ್ಕ ನಿಂತು ಕೈಯಲ್ಲೇ ಹಿಂಡುತ್ತಿದ್ದೆ. ಬಾಗಿಲಿಗೆ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗಿಯರು ಕಾವಲು. ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ಕಪ್ಪು ಭಾಗದ ಸ್ವಲ್ಪ ಹಿಂದೆ ಹಿಡಿದು ಮೊದಲು ಎದೆಯ ಕಡೆಗೆ ಒತ್ತಿ, ಆಮೇಲೆ ಮುಂದಕ್ಕೆ ಹಿಸುಕಬೇಕು. ತೊಟ್ಟು ಎಳೆಯಬಾರದು. ಬೆಚ್ಚನೆ ಬಟ್ಟೆ ಇಟ್ಟುಕೊಂಡರೆ ಬೇಗ ಇಳಿಯುತ್ತದೆ. ಕಲಿಯಲು ಒಂದು ವಾರ ಹಿಡಿಯಿತು. ನಿಮ್ಮದು ಎಷ್ಟೇ ಒಳ್ಳೇ ಪಂಪ್ ಇರಲಿ, ಇದನ್ನು ಕಲಿತಿಟ್ಟುಕೊಳ್ಳಿ. ಒಂದು ದಿನ ಅದರ ಚಾರ್ಜರ್ ಮನೆಯಲ್ಲೇ ಉಳಿಯುತ್ತದೆ. ಮೂರು ನಾಲ್ಕು ಗಂಟೆ ಮೀರಿ ಬಿಟ್ಟರೆ ಎದೆ ಕಲ್ಲಾಗುತ್ತದೆ, ನೋವು ಜ್ವರ ಬಂದರೆ ಡಾಕ್ಟರ್ ಹತ್ತಿರ ಹೋಗಲೇಬೇಕು, ನಾನು ತಡ ಮಾಡಿ ಅನುಭವಿಸಿದ್ದೇನೆ.

ಬ್ಯಾಗಿನಲ್ಲಿ ಇನ್ನೊಂದು ಕುರ್ತಾ ಇಟ್ಟುಕೊಳ್ಳಿ. ದುಪಟ್ಟಾ ಗಾಢ ಬಣ್ಣದ್ದಿರಲಿ. ಮೂರನೇ ಪೀರಿಯಡ್‌ನಲ್ಲಿ ಯಾರದೋ ಮಗು ಶಾಲೆ ಹೊರಗೆ ಅತ್ತರೂ ನನಗೆ ಹಾಲು ಇಳಿಯುತ್ತಿತ್ತು.

ಊರಲ್ಲಿ ಈಗ ‘ಕೂಸಿನ ಮನೆ’ ಶುರುವಾಗಿದೆ, 2023ರ ಬಜೆಟ್‌ನಲ್ಲಿ ಹೇಳಿದ್ದು. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಅಲ್ಲಿ ನೋಡಿಕೊಳ್ಳುತ್ತಾರೆ, ಆರು ತಿಂಗಳಿಂದ ಮೂರು ವರ್ಷದವರೆಗೆ. ನಮ್ಮಲ್ಲಿ ಪಂಚಾಯತಿ ಹಳೇ ಕಟ್ಟಡದಲ್ಲಿ ನಡೆಯುತ್ತದೆ, ಗೋಡೆಗೆ ಆನೆ ಗಿಳಿ ಬರೆದಿದ್ದಾರೆ. ಮೊದಲು ಇದೇ ಮಕ್ಕಳು ಬದುವಿನ ಮೇಲೆ ಗಿಡಕ್ಕೆ ಕಟ್ಟಿದ ಸೀರೆ ಜೋಳಿಗೆಯಲ್ಲಿ ಮಲಗಿರುತ್ತಿದ್ದವು. ಬೆಂಗಳೂರಿನ ಅಷ್ಟು ದೊಡ್ಡ ಕಂಪನಿಯಲ್ಲಿ ಒಂದು ಚಿಲಕ ಹಾಕಿಸಲು ಇಷ್ಟು ಯೋಚನೆಯಾ ಅಂತ ಓದುವಾಗ ಅನ್ನಿಸಿತು, ಅದಕ್ಕೆ ಬರೆದೆ.

---

ಎರಡು ಮಕ್ಕಳ ತಾಯಿ:

ಎಲ್ಲರೂ ಹೇಳಿದ್ದು ಸರಿ. ಆದರೂ ಯಾರೂ ಹೇಳದ್ದನ್ನು ಹೇಳಿಬಿಡುತ್ತೇನೆ. ಹಾಲು ಸಾಲದಿದ್ದರೆ ಡಾಕ್ಟರನ್ನು ಕೇಳಿ ಪುಡಿ ಹಾಲು ಕೊಡಿ, ಆಕಾಶ ಬೀಳುವುದಿಲ್ಲ. ನನ್ನ ಎರಡನೆಯವನು ಹಗಲು ಪುಡಿ ಹಾಲು, ರಾತ್ರಿ ನನ್ನ ಹಾಲು ಕುಡಿದು ಬೆಳೆದ. ಡಬ್ಬದ ಮೇಲೆ ಎಷ್ಟು ನೀರಿಗೆ ಎಷ್ಟು ಚಮಚ ಅಂತ ಇರುತ್ತದೋ ಅಷ್ಟೇ ಹಾಕಬೇಕು. ದುಡ್ಡು ಉಳಿಯಲಿ ಅಂತ ತೆಳ್ಳಗೆ ಮಾಡಬಾರದು, ಬೇಗ ದಪ್ಪ ಆಗಲಿ ಅಂತ ಗಟ್ಟಿ ಮಾಡಲೂಬಾರದು. ನೀರು ಕುದಿಸಿದ್ದಿರಲಿ. ನಾನು ಮೊದಲ ಮಗುವಿಗೆ ಪುಡಿ ಹಾಲು ಬೇಡವೇ ಬೇಡ ಅಂತ ಹಠ ಹಿಡಿದು ನಾಲ್ಕು ತಿಂಗಳು ಆಫೀಸಿನ ಶೌಚಾಲಯದಲ್ಲಿ ಕೂತು ಅತ್ತಿದ್ದೇನೆ. ಅದು ಬೇಡಿತ್ತು.

---

ಮೊಮ್ಮಗನ ಅಜ್ಜಿ:

ನನಗೆ ಟೈಪ್ ಮಾಡಲು ನಿಧಾನ, ತಪ್ಪಿದ್ದರೆ ಕ್ಷಮಿಸಿ. ನಾನು ಆ ಕಡೆಯವಳು, ಅಂದರೆ ಅತ್ತೆ. ಹೋದ ವರ್ಷ ಮೈಸೂರು ರಸ್ತೆಯ ಮಗನ ಮನೆಗೆ ಬಂದು ಮೊಮ್ಮಗನನ್ನು ನೋಡಿಕೊಂಡೆ.

ನೋಡಮ್ಮ, ಹಸುವಿನ ಹಾಲು ಅಂತ ನಿಮ್ಮತ್ತೆ ಯಾಕೆ ಅಂದರು ಗೊತ್ತಾ? ಹೆದರಿಕೆ. ಹತ್ತು ಗಂಟೆ ಮಗು ಹಸಿದು ಅತ್ತರೆ ನಾನೊಬ್ಬಳೇ ಏನು ಮಾಡಲಿ ಅಂತ. ನನಗೂ ಇತ್ತು. ಸೊಸೆ ಹೋದ ಮೊದಲ ದಿನ ಬಾಗಿಲು ಹಾಕಿಕೊಂಡ ಮೇಲೆ ನನ್ನ ಕೈ ನಡುಗುತ್ತಿತ್ತು. ಮೂವತ್ತು ವರ್ಷದ ಹಿಂದೆ ಮೂರು ಮಕ್ಕಳನ್ನು ಸಾಕಿದ್ದೇನೆ ನಿಜ, ಆದರೆ ಆಗ ಮನೆ ತುಂಬ ಜನ ಇದ್ದರು, ಒಬ್ಬರಲ್ಲ ಒಬ್ಬರು ಎತ್ತಿಕೊಳ್ಳುತ್ತಿದ್ದರು. ಏಳನೇ ಮಹಡಿಯಲ್ಲಿ ಒಬ್ಬಳೇ ಮಗು ಸಾಕುವುದು ನನಗೂ ಹೊಸದು. ಮಂಡಿ ನೋವು ಬೇರೆ. ಕೆಳಗೆ ಕೂತರೆ ಮಗು ಎತ್ತಿಕೊಂಡು ಏಳಲು ಆಗುವುದಿಲ್ಲ, ಅದನ್ನು ಯಾರಿಗೂ ಹೇಳಿರಲಿಲ್ಲ. ನಿಮ್ಮತ್ತೆಗೆ ಎತ್ತರದ ಕುರ್ಚಿ, ಮಂಚದ ಪಕ್ಕ ಕೈಗೆ ಸಿಗುವ ಹಾಗೆ ಬಟ್ಟೆ ನೀರು ಎಲ್ಲ ಇದೆಯಾ ನೋಡು.

ನನ್ನ ಸೊಸೆ ಗೋಡೆ ಮೇಲೆ ಕ್ಯಾಮೆರಾ ಹಾಕಿಸಿದ್ದಳು. ಮಗು ಅತ್ತ ಕೂಡಲೇ ಫೋನು. ‘ಅತ್ತೆ, ಬೆನ್ನು ತಟ್ಟಿ. ಅತ್ತೆ, ಆ ಕಡೆ ತಿರುಗಿಸಿ.’ ಮೂರನೇ ದಿನ ಕ್ಯಾಮೆರಾಗೆ ನನ್ನ ಹಳೇ ಕುಪ್ಪಸ ಮುಚ್ಚಿದೆ. ಸಂಜೆ ಇಬ್ಬರಿಗೂ ಜಗಳ ಆಗಿ, ಆಮೇಲೆ ನಗು ಬಂದು, ಹನ್ನೆರಡು ಗಂಟೆಗೊಂದು ಮೂರು ಗಂಟೆಗೊಂದು ಫೋನು ಅಂತ ಒಪ್ಪಂದ ಆಯಿತು. ಆ ಹೊತ್ತಿಗೆ ನಾನೇ ಫೋಟೋ ಕಳಿಸುತ್ತಿದ್ದೆ.

ನೀನು ಕೆಲಸಕ್ಕೆ ಹೋಗುವ ಮುಂಚೆ ಮೂರು ನಾಲ್ಕು ದಿನ ಸುಮ್ನೆ ಮನೆ ಬಿಟ್ಟು ಹೋಗು. ಮೊದಲ ದಿನ ಒಂದು ಗಂಟೆ, ಆಮೇಲೆ ಮೂರು ಗಂಟೆ. ಅವರಿಬ್ಬರಿಗೂ ಅವರದೇ ಒಂದು ರೀತಿ ಸಿಗುತ್ತದೆ, ನಿನ್ನ ರೀತಿ ಅಲ್ಲದೆ ಇರಬಹುದು. ಬಜೆ ತೇಯ್ದು ನೆಕ್ಕಿಸುವುದು, ಜೇನು ಇದೆಲ್ಲ ಬೇಡ ಅಂತ ನಮ್ಮ ಡಾಕ್ಟರು ಹೇಳಿದರು, ನಾನು ಬಿಟ್ಟೆ. ಎಣ್ಣೆ ನೀರು ಹಾಕುವುದು ಮಾತ್ರ ಬಿಡಲಿಲ್ಲ, ಎಣ್ಣೆ ಹಚ್ಚಿ ನೀರು ಹಾಕಿದರೆ ಮಗು ಎರಡು ಗಂಟೆ ಅಲುಗಾಡದೆ ಮಲಗುತ್ತಿತ್ತು. ನನಗೂ ಒಂದು ನಿದ್ದೆ ಆಗುತ್ತಿತ್ತು.

ಆರು ತಿಂಗಳಾಗಲಿ, ಆಮೇಲೆ ಸರಿ ಹಿಟ್ಟು ಅವರ ಕೈಗೇ ಬಿಡು. ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ, ತೆಳ್ಳನೆ ಪಂಚೆಯಲ್ಲಿ ಜಾಲಿಸಿ ಕೊಡುವುದು ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು. ಉಪ್ಪು ಸಕ್ಕರೆ ಹಾಕಬಾರದಂತೆ ಈಗ, ಅದನ್ನು ಮಾತ್ರ ಹೇಳು.

---

ನಿದ್ದೆಗೆಟ್ಟವಳು:

ಹದಿನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಮೆಟ್ರೊದಲ್ಲಿದ್ದೇನೆ, ಮೆಜೆಸ್ಟಿಕ್ ದಾಟಿದ ಮೇಲೆ ಸೀಟು ಸಿಕ್ಕಿತು, ಅದಕ್ಕೆ ಈಗ.

ಒಳಲೆ ಬಂದ ದಿನ ಮಗಳು ಮೊದಲು ಅದನ್ನು ಕೈಯಲ್ಲಿ ಹಿಡಿದು ಕಚ್ಚಿದಳು. ನಾನು ಹೊರಗೆ ಹೋಗಿ ಪಾರ್ಕಿನ ಕಲ್ಲು ಬೆಂಚಿನ ಮೇಲೆ ಕೂತೆ, ಫೋನು ತಿರುವಿ ಇಟ್ಟುಕೊಂಡೆ. ವಾಪಸ್ ಬಂದರೆ 20 ಮಿಲಿ ಹೊಟ್ಟೆಗೆ, ಇನ್ನೊಂದು 20 ಅತ್ತೆಯ ಸೀರೆಗೆ. ಈಗ ಒಂದು ಸಲಕ್ಕೆ 70 ಕುಡಿಯುತ್ತಾಳೆ. ಬಾಲ್ಕನಿಯಲ್ಲಿ ನಿಂತರೆ ಮಾತ್ರ, ಎದುರು ರಸ್ತೆಯ ತರಕಾರಿ ಗಾಡಿ ನೋಡುತ್ತಾ. ಗಾಡಿಯವರು ‘ಏನ್ ಪಾಪು, ಆಯ್ತಾ ಊಟ’ ಅಂತ ಮಾತಾಡಿಸುತ್ತಾರಂತೆ. ಹಾಲನ್ನು ಅಂಚಿಗೆ ಗುಳ್ಳೆ ಬರುವವರೆಗೆ ಕಾಯಿಸಿಟ್ಟರೆ ವಾಸನೆ ಇಲ್ಲ. ಆಫೀಸಿನದನ್ನು ಐಸ್ ಪ್ಯಾಕ್ ಇರುವ ಚೀಲದಲ್ಲಿ ಮನೆಗೆ ತಂದು ಫ್ರಿಜ್ಜಿಗಿಡುತ್ತೇನೆ, ಮರುದಿನಕ್ಕೇ ಮುಗಿಯುವುದರಿಂದ ಸೋಪಾಗುವಷ್ಟು ಹೊತ್ತು ಸಿಗುತ್ತಿಲ್ಲ. ಹಳೇ 22ರಲ್ಲಿ ಆರು ಬೆರೆಸಿ ಮುಗಿದಿವೆ.

ಮೇಲ್ ಕಳಿಸಿದೆ, ‘ದಯವಿಟ್ಟು’ ತೆಗೆದೇ. ಮಾನಿಟರುಗಳು ಹೋದವು, ಚಿಲಕ ಬಂತು. ಬಾವುಟದ ಗಂಟು ಇನ್ನೂ ಅಲ್ಲೇ ಇದೆ, ಅದರ ಮೇಲೆ ಪಂಪ್ ಇಟ್ಟುಕೊಳ್ಳುತ್ತೇನೆ, ಎತ್ತರ ಸರಿಯಾಗಿದೆ. ಇವರು ಎರಡು ದಿನ ರಜೆ ಹಾಕಿದರು. ಮೊದಲ ದಿನ ಸಂಜೆ ಅವರ ಮುಖ ನೋಡಬೇಕಿತ್ತು.

ರಾತ್ರಿ ನಾಲ್ಕು ಸಲ ಏಳುತ್ತಾಳೆ. ಸಿಸ್ಟರ್ ಹೇಳಿದ ವಸೂಲಿ. ಅದಕ್ಕೆ ಉಪಾಯ ಇದ್ದರೆ ಹೇಳಿ, ಇಲ್ಲದಿದ್ದರೆ ಬೇಡ.

ಇನ್ನೊಂದು. ಒಳಲೆಯ ಮೂಗಿನ ಸಂದಿಯಲ್ಲಿ ಹಾಲು ಕಟ್ಟಿಕೊಂಡು ಬಿಳಿ ಗೆರೆ ಬರುತ್ತಿದೆ. ಬಾಟಲ್ ಬ್ರಷ್ ಒಳಗೆ ಹೋಗುವುದಿಲ್ಲ. ಹೇಗೆ ತೊಳೆಯುತ್ತೀರಿ?

---

ಮೊಮ್ಮಗನ ಅಜ್ಜಿ:

ಕುಡಿಸಿದ ತಕ್ಷಣ ತಣ್ಣೀರಿನಲ್ಲಿ ಅದ್ದಿಡಬೇಕು, ಒಣಗಲು ಬಿಡಬಾರದು. ಆಮೇಲೆ ಹತ್ತಿ ಬಟ್ಟೆಯ ಚೂರನ್ನು ಬತ್ತಿಯ ಹಾಗೆ ಹೊಸೆದು ಮೂಗಿನಲ್ಲಿ ಹಿಂದಕ್ಕೆ ಮುಂದಕ್ಕೆ ಎಳೆ. ಸೋಪು ಹಾಕಿದರೆ ಚೆನ್ನಾಗಿ ತೊಳಿ, ಕೊನೆಗೆ ಕುದಿಯುವ ನೀರಿನಲ್ಲಿ ಹತ್ತು ನಿಮಿಷ. ಹುಣಸೆಹಣ್ಣು ಬೇಡ, ಬೆಳ್ಳಿ ಹೊಳೆಯದಿದ್ದರೂ ಪರವಾಗಿಲ್ಲ.